ಹಿತ್ತಲನ್ನು ಮುಚ್ಚಿದ ಮನೆ

ನಾಲ್ಕು ಗೋಡೆ ಎಬ್ಬಿಸಿ ಮೇಲೊಂದು ಚಾವಣಿ ಹೊದಿಸಿದ ಮಾತ್ರಕ್ಕೆ ಅದನ್ನು ಮನೆಯೆಂದು ಕರೆಯುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಮುಂದೆ ಅಂಗಳ, ಒಳಗೆ ಪಡಸಾಲೆ, ಅಡಿಗೆಮನೆ, ದೇವರ ಜಗುಲಿ, ಹಿಂದೆ ಹಿತ್ತಲು. ಇವಿಷ್ಟೂ ಕೂಡಿದರೆ ಅದು ಮನೆ. ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಒಲೆಯ ಬೂದಿ ಹೀರೆಯ ಬಳ್ಳಿಗೆ ಸಲ್ಲುತ್ತಿತ್ತು. ಅಕ್ಕಿ ತೊಳೆದ ನೀರನ್ನು ಎಮ್ಮೆ ಕುಡಿಯುತ್ತಿತ್ತು, ಎಮ್ಮೆಯ ಸಗಣಿ ತಿಪ್ಪೆಗೆ ಸೇರುತ್ತಿತ್ತು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಿ ಮರುವರ್ಷ ಜೋಳವಾಗಿ ಅದೇ ಮನೆಗೆ ಬರುತ್ತಿತ್ತು. ಎಸೆಯತಕ್ಕ ವಸ್ತುವೆಂಬುದೇ ಅಪರೂಪವಾಗಿದ್ದ ಸಂಸಾರ ಅದು. ನಿಸರ್ಗದೊಡನೆ ಬಾಳಬೇಕೆಂದು ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ. ಉಪದೇಶದ ಅಗತ್ಯವೇ ಬೀಳಲಿಲ್ಲ.

ಇಂದು ಹೊಸಪೇಟೆಯ ಯಾವ ಹೊಸ ಬಡಾವಣೆಗೆ ಹೋದರೂ ಕಾಣುವುದೇನು? ನಿವೇಶನದ ಈ ಅಂಚಿನಿಂದ ಆ ಅಂಚಿನವರೆಗೆ ಕಾಂಕ್ರೀಟು. ಕಾನೂನಿಗಾಗಿ ಬಿಟ್ಟ ಮೂರು ಅಡಿಯ ಸಂದಿಗೂ ಹಾಸುಗಲ್ಲು. ಮಣ್ಣು ಕಂಡರೆ ಕೊಳೆಯೆಂಬ ಭಾವನೆ, ಎಲೆ ಉದುರಿದರೆ ಕಸವೆಂಬ ತಾತ್ಸಾರ. ಹೀಗೆ ಹಿತ್ತಲಿಗೆ ಸಿಮೆಂಟು ಬಳಿದ ಗೃಹಸ್ಥನೇ ಭಾನುವಾರ ಬಂದೊಡನೆ ಮಕ್ಕಳನ್ನು ಕಾರಿನಲ್ಲಿ ಕೂಡಿಸಿಕೊಂಡು, ಗದ್ದೆಯ ಬದಿಯ ರೆಸಾರ್ಟಿಗೆ ಹೋಗಿ, ಸಾವಿರಾರು ರೂಪಾಯಿ ತೆತ್ತು, ಬಾಳೆಯೆಲೆಯಲ್ಲಿ ಉಂಡು, ‘ಪ್ರಕೃತಿಯ ಮಡಿಲಲ್ಲಿ ಒಂದು ದಿನ’ ಕಳೆದು ಬರುತ್ತಾನೆ. ಮನೆಯಿಂದ ಹೊರದೂಡಿದ್ದನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಈ ವಿಪರೀತಕ್ಕೆ ನಾಗರಿಕತೆಯೆಂದು ಹೆಸರಿಟ್ಟಿದ್ದೇವೆ.

ಈ ಮೋಹ ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯೇ ಸಾಕ್ಷಿ. ನದಿ, ಬಂಡೆ, ಭತ್ತದ ಗದ್ದೆಗಳ ಚೆಲುವನ್ನು ನೋಡಬಂದವರಿಗಾಗಿ ಆ ಗದ್ದೆಗಳ ನಡುವೆಯೇ ರೆಸಾರ್ಟುಗಳೆದ್ದವು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚ್ ತಿಂಗಳಲ್ಲಿ ಅವು ನೆಲಸಮವಾದವು. ನಿಸರ್ಗವನ್ನು ನೋಟದ ಸರಕಾಗಿಸಿದರೆ ನೋಡುವವನ ನೂಕುನುಗ್ಗಲೇ ಅದನ್ನು ನುಂಗುತ್ತದೆ.

ಹಾಗಾದರೆ ನಗರಜೀವನಕ್ಕೂ ಹಸುರಿಗೂ ಹಗೆತನವೆ? ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮ ನೆಲಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನು ರೋಮ್ ನಗರದಷ್ಟು ದೊಡ್ಡದೆಂದು ವರ್ಣಿಸಿದ್ದಾನೆ. ಅಷ್ಟು ದೊಡ್ಡ ನಗರದಲ್ಲಿ ಅವನ ಕಣ್ಣನ್ನು ಸೆಳೆದವುಗಳಲ್ಲಿ ಮನೆಮನೆಗಳ ತೋಟಗಳೂ, ಊರ ನಡುವೆ ಹರಿಯುವ ನೀರಿನ ಕಾಲುವೆಗಳೂ ಸೇರಿವೆ. ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆಗಳು ಒತ್ತೊತ್ತಾಗಿ ಬೆಳೆದು ದಟ್ಟ ಕಾಡಿನಂತೆ ತೋರುತ್ತಿದ್ದ ತೋಪುಗಳನ್ನೂ ಅವನು ಬಣ್ಣಿಸಿದ್ದಾನೆ. ಅಂದಿನ ಅರಮನೆಗಳ ತಳಪಾಯ ಮಾತ್ರ ಉಳಿದಿದೆ. ಅಂದಿನ ತುರುತ್ತು ಕಾಲುವೆ ಮಾತ್ರ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಹೊಸಪೇಟೆಯನ್ನು ಹಾದು ಹರಿಯುತ್ತಿವೆ. ಐದು ಶತಮಾನಗಳ ಜಲದಾನವನ್ನು ಪಡೆದ ಊರಿನವರು ಆ ಕಾಲುವೆಗೆ ಪ್ರತಿಯಾಗಿ ಚರಂಡಿಯ ಕೊಳೆಯನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಒಪ್ಪಿಸುತ್ತಿರುವುದು ಎಂಥ ಕೃತಜ್ಞತೆ?

ಹಳ್ಳಿಗಳು ಈ ರೋಗದಿಂದ ಪಾರಾಗಿವೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕಂಪ್ಲಿಯ ಸೀಮೆಯಲ್ಲಿ ಕಾಲುವೆ ನೀರಿಗೆ ಕೊರತೆಯಿಲ್ಲದ ಹೊಲಗಳಿವೆ. ಅಲ್ಲಿ ಹತ್ತು ಎಕರೆ ಭತ್ತ ಬೆಳೆಯುವ ರೈತ ಸಂಜೆಗೆ ಎರಡು ಕಟ್ಟು ಮೆಂತ್ಯೆಗಾಗಿ ಸಂತೆಗೆ ಹೋಗುತ್ತಾನೆ. ಗದ್ದೆಯ ಬದುವಿನಲ್ಲಿ ತಾನಾಗಿ ಹಬ್ಬುತ್ತಿದ್ದ ಹೊನಗೊನ್ನೆ ಸೊಪ್ಪು ಕಳೆನಾಶಕಕ್ಕೆ ಬಲಿಯಾಗಿದೆ. ಪುಂಡಿಪಲ್ಯ ಬೆಳೆಯುತ್ತಿದ್ದ ಹಿತ್ತಲಲ್ಲಿ ಟ್ರ್ಯಾಕ್ಟರ್ ನಿಂತಿದೆ. ಬೆಳೆಯುವವನೇ ಕೊಂಡು ತಿನ್ನುವವನಾದ ಮೇಲೆ ಒಕ್ಕಲುತನಕ್ಕೆ ಉಳಿದ ಅರ್ಥವೇನು?

ಸಂಡೂರಿನ ಪಾಠ ಇನ್ನೂ ಕಠಿಣವಾದುದು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ, ಸಂಡೂರು ಹೊಸಪೇಟೆಗಳ ಸುತ್ತಲಿನ ಪಟ್ಟಾ ಜಮೀನುಗಳನ್ನೂ ಅಗೆದು ಮಾರಿದರು. ಹೊಲ ಅಡವಿಟ್ಟು ಲಾರಿ ಕೊಂಡವರು ಎಷ್ಟೋ ಮಂದಿ. ಕೆಂಪು ಧೂಳು ಕುಳಿತ ಎಲೆಗಳನ್ನು ದನವೂ ಮೂಸದಾಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಮಿತಿಗಳೊಡನೆ ಅದು ಮರಳಿ ಆರಂಭವಾದರೂ, ನಡುವಿನ ಆ ದಿನಗಳಲ್ಲಿ ಸಾಲುಸಾಲು ಲಾರಿಗಳು ಕಂತು ಕಟ್ಟಲಾರದೆ ನಿಂತವು. ಲಾರಿ ನಿಂತರೆ ತುಕ್ಕು ಹಿಡಿಯುತ್ತದೆ; ನುಗ್ಗೆಯ ಮರ ನಿಂತಲ್ಲೇ ಕಾಯಿ ಬಿಡುತ್ತದೆ. ಒಂದೇ ಆದಾಯವನ್ನು ನಂಬಿ ನೆಲವನ್ನು ಕೈಬಿಟ್ಟ ಸಂಸಾರಕ್ಕೆ ಕೆಟ್ಟ ಕಾಲದಲ್ಲಿ ಆಸರೆಯಾಗಲು ಹಿಂದೆ ಏನೂ ಉಳಿದಿರಲಿಲ್ಲ.

ದೊಡ್ಡ ವ್ಯವಸ್ಥೆಗಳನ್ನು ನಾವು ಹಳಿಯುತ್ತಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ ಈ ನಾಡು ಅನ್ನ ಕಂಡಿದೆ. ಆದರೆ 2024ರ ಆಗಸ್ಟ್ 10ರ ರಾತ್ರಿ ಒಂದು ಸರಪಳಿ ಕಡಿದು 19ನೆಯ ಗೇಟು ಕೊಚ್ಚಿಹೋದಾಗ, ತಾತ್ಕಾಲಿಕ ತಡೆ ಕೂಡಿಸುವವರೆಗಿನ ಆ ಒಂದು ವಾರ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು. ನೂರಕ್ಕೂ ಮಿಕ್ಕಿದ ಟಿಎಂಸಿ ನೀರಿನ ಭರವಸೆ ಒಂದು ಕೊಂಡಿಯ ಮೇಲೆ ನಿಂತಿದೆಯೆಂದು ಅಂದು ತಿಳಿಯಿತು. ದೊಡ್ಡದು ಇರಲಿ. ಅದರ ಪಕ್ಕದಲ್ಲಿ ಪ್ರತಿ ಮನೆಗೂ ತನ್ನದೆನ್ನುವ ಚಿಕ್ಕ ಆಸರೆ ಇರಬೇಕೆಂಬುದಷ್ಟೇ ನಮ್ಮ ವಾದ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು.

‘ಜಾಗವೆಲ್ಲಿದೆ?’ ಎನ್ನುವರು. ಮೂವತ್ತು–ನಲವತ್ತು ಅಡಿಯ ನಿವೇಶನ ಒಂದು ಸಾವಿರದ ಇನ್ನೂರು ಚದರಡಿ. ವರ್ಷಕ್ಕೆ 600 ಮಿಲಿಮೀಟರಿನಷ್ಟು ಮಳೆ ಬಿದ್ದರೂ ಅಷ್ಟು ನೆಲದ ಮೇಲೆ ಸುಮಾರು 67 ಸಾವಿರ ಲೀಟರು ನೀರು ಸುರಿಯುತ್ತದೆ. ಅದನ್ನೆಲ್ಲ ಚರಂಡಿಗೆ ಬಿಟ್ಟು ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವವರು ಜಾಗದ ಮಾತಾಡುವುದು ಸಲ್ಲದು. ನುಗ್ಗೆಯ ಕೊಂಬೆಯೊಂದನ್ನು ನೆಟ್ಟರೆ ಬೇರೂರುತ್ತದೆ. ಕರಿಬೇವಿಗೆ ಒಂದು ಮೂಲೆ ಸಾಕು. ಬಚ್ಚಲ ನೀರಿಗೆ ಎರಡು ಬಾಳೆ, ಮಾಡಿಗೆ ಒಂದು ಹೀರೆಬಳ್ಳಿ, ಮಾಳಿಗೆಯ ಕುಂಡಗಳಲ್ಲಿ ಸೊಪ್ಪು: ಇದಕ್ಕೆ ಎಕರೆಗಳು ಬೇಕೆ?

‘ಪೇಟೆಯಲ್ಲಿ ಅಗ್ಗವಾಗಿ ಸಿಗುವುದಲ್ಲ’ ಎನ್ನುವರು. ಪೇಟೆಯ ನಂಬಿಕೆ ಪೇಟೆ ತೆರೆದಿರುವವರೆಗೆ. 1943ರಲ್ಲಿ, ಮಹಾಯುದ್ಧದ ನಡುವೆ, ಅಮೆರಿಕದಂಥ ಶ್ರೀಮಂತ ದೇಶವೇ ಸುಮಾರು ಎರಡು ಕೋಟಿ ಮನೆತೋಟಗಳಲ್ಲಿ ತರಕಾರಿ ಬೆಳೆಯಿತು. 2020ರಲ್ಲಿ ಕೋವಿಡ್ ಪಿಡುಗಿನಿಂದ ಬೀದಿಗಳು ಮುಚ್ಚಿದಾಗ ನಮ್ಮವರಿಗೂ ಹಿತ್ತಲಿನ ಬೆಲೆ ತಿಳಿದಿತ್ತು. ಬೀದಿ ತೆರೆದೊಡನೆ ಮರೆತುಹೋಯಿತು.

ಮೂರನೆಯ ಆಕ್ಷೇಪ ಮಾತ್ರ ನ್ಯಾಯವಾದುದು. ‘ಹಿತ್ತಲಿನ ಹೊಗಳಿಕೆ ಗಂಡಸರದು, ದುಡಿಮೆ ಹೆಂಗಸರದು’ ಎಂದು ತಾಯಂದಿರು ಹೇಳಿದರೆ ತಲೆಬಾಗಿ ಕೇಳಬೇಕು. ಸಗಣಿ ಬಾಚಿದವಳು, ನೀರು ಹೊತ್ತವಳು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿ ಕಾದಿಟ್ಟವಳು ಆಕೆಯೇ. ಆ ಭಾರವನ್ನು ಮತ್ತೆ ಆಕೆಯ ತಲೆಗೇ ಹೊರಿಸುವುದಾದರೆ ಹಿತ್ತಲು ಮುಚ್ಚಿಯೇ ಇರಲಿ. ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ವೇದಿಕೆಯ ಮೇಲೆ ಹೇಳುವ ಗಂಡಸು ಬೆಳಿಗ್ಗೆ ಅರ್ಧ ಗಂಟೆ ಸಲಿಕೆ ಹಿಡಿಯಲಿ. ಮಕ್ಕಳ ಕೈಗೂ ಮಣ್ಣು ಹತ್ತಲಿ.

ಇನ್ನೊಂದು ವೇಷದ ಬಗ್ಗೆ ಎಚ್ಚರ ಹೇಳಬೇಕಾಗಿದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿಗಳನ್ನು 2020ರ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ತೆಗೆದುಹಾಕಿತು. ಹಣವುಳ್ಳವರು ಐದಾರು ಎಕರೆ ಹಿಡಿದು, ತಂತಿಬೇಲಿ ಬಿಗಿದು, ದುಡಿಯಲು ಆಳನ್ನಿಟ್ಟು, ತಿಂಗಳಿಗೊಮ್ಮೆ ಬಂದು ಟೊಮೆಟೊ ಹಿಡಿದು ಫೋಟೋ ತೆಗೆಸಿಕೊಂಡು, ಅದನ್ನು ಸ್ವಾವಲಂಬನೆಯೆಂದು ಕರೆಯುವರು. ಊರಿನ ಭೂಹೀನ ಕೂಲಿಯವನ ಬೆವರಿನಲ್ಲಿ ನಡೆಯುವ ಸ್ವಾವಲಂಬನೆ ಅದೆಂಥದು? 2019ರಲ್ಲಿ ಕಾಲವಾದ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ಸಾವಯವ ಕೃಷಿಯನ್ನು ಸಾವಿರಾರು ಜನರಿಗೆ ಕಲಿಸಿದರು. ಅವರ ಮಾತಿಗೆ ತೂಕ ಬಂದದ್ದು ಸ್ವಂತ ಕೈ ಮಣ್ಣಿನಲ್ಲಿದ್ದುದರಿಂದ.

ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ಇಂಜಿನಿಯರುಗಳೂ ಗುತ್ತಿಗೆದಾರರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ನಮ್ಮದೊಂದು ನೇರ ಮಾತು. ಮನೆಯ ನಕ್ಷೆ ಬರೆಯುವವರು ನೀವು, ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುವವರೂ ನೀವೇ. ನಾಲ್ಕರಲ್ಲೊಂದು ಪಾಲು ಮಣ್ಣು ಬಿಡದ ನಕ್ಷೆಗೆ ನಿಮ್ಮ ಸೀಸದಕಡ್ಡಿ ಏಳಬಾರದು. ಬಾಡಿಗೆಯ ಕೋಣೆಯಲ್ಲಿರುವ ಬಡವನಿಗೆ ಹಿತ್ತಲೆಲ್ಲಿಂದ ಬರಬೇಕು? ಶಾಲೆಗಳ ಆವರಣ, ಕಲ್ಯಾಣ ಮಂಟಪಗಳ ಹಿಂಬದಿ, ಮಠಗಳ ಪಾಳು ನೆಲ, ಇವು ಅವನ ಪಾತಿಗಳಾಗಲಿ. ಬೆಳೆದುದರಲ್ಲಿ ನೆರೆಮನೆಗೊಂದು ಪಾಲು ಹೋಗಲಿ. ದಾಸೋಹ ಆರಂಭವಾಗುವುದು ಅಲ್ಲಿಂದಲೇ.

ಗೃಹಪ್ರವೇಶಕ್ಕೆ ಬಿನ್ನಹ ಮಾಡಿಕೊಳ್ಳಲು ಬರುವ ಸದ್ಭಕ್ತರಲ್ಲಿ ಇನ್ನು ಮುಂದೆ ನಾವು ಒಂದೇ ಮಾತು ಕೇಳುವೆವು: ಹಿತ್ತಲಿಗೆ ಎಷ್ಟು ಮಣ್ಣು ಬಿಟ್ಟಿದ್ದೀರಿ? ಉತ್ತರ ಸಿದ್ಧವಾಗಿರಲಿ.