ಆಪತ್ತಿಗಾಗುವ ವಿದ್ಯೆ

‘ಆಪತ್ತಿಗಾದವನೇ ನೆಂಟ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ನೆಂಟತನವಾದರೋ ಆಪತ್ತು ಬಂದ ಗಳಿಗೆಯಲ್ಲಿ ಹುಟ್ಟುವಂಥದಲ್ಲ. ಅದು ಬಹು ಮುಂಚೆಯೇ ಬೆಳೆದಿರಬೇಕು. ವಿಪತ್ತು ನಿರ್ವಹಣೆಯನ್ನು ಜೀವನವೃತ್ತಿಯಾಗಿ ಆರಿಸಿಕೊಂಡು ಗಿರಿಜನರ ನಡುವೆ ದುಡಿಯಬಯಸುವವರು ಮೊದಲು ಅರಿಯಬೇಕಾದ ತತ್ತ್ವವಿದು.

2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದ ಸಂದರ್ಭದಲ್ಲಿ, ಪಣಿಯ ಬುಡಕಟ್ಟಿನ ಕುಟುಂಬವೊಂದು ಎಳೆಯ ಮಕ್ಕಳೊಡನೆ ಕಾಡಿನ ಕಮರಿಯ ಗುಹೆಯಲ್ಲಿ ಸಿಲುಕಿತ್ತು. ಅರಣ್ಯ ಇಲಾಖೆಯ ಸಿಬ್ಬಂದಿ ಗಂಟೆಗಟ್ಟಲೆ ನಡೆದು, ಹಗ್ಗ ಹಿಡಿದು ಇಳಿದು, ಮಕ್ಕಳನ್ನು ಮೈಗೆ ಕಟ್ಟಿಕೊಂಡು ಹೊರತಂದರು. ಹೊರಗಿನವರೊಡನೆ ಬೆರೆತು ರೂಢಿಯಿಲ್ಲದ ತಂದೆಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಕಮರಿಯನ್ನು ಹಗ್ಗದಿಂದ ದಾಟಬಹುದು; ಅಪನಂಬಿಕೆಯನ್ನು ದಾಟಲು ಬಹುದಿನದ ಪರಿಚಯವೇ ಬೇಕು.

ಗಿರಿಜನರು ಕೇವಲ ರಕ್ಷಣೆ ಬೇಡುವವರೆಂದು ಭಾವಿಸುವುದೂ ತಪ್ಪು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಪುಟ್ಟ ಅಂಡಮಾನ್ ದ್ವೀಪದ ಓಂಗೆಯರು, ಕಡಲು ಹಿಂಜರಿದುದನ್ನು ಕಂಡು ಎತ್ತರದ ನೆಲಕ್ಕೆ ಸರಿದು ಪ್ರಾಣ ಉಳಿಸಿಕೊಂಡರು. ಅಂದು ನೂರರ ಸಂಖ್ಯೆಯನ್ನೂ ಮುಟ್ಟದಿದ್ದ ಆ ಜನಾಂಗವನ್ನು ಕಾಯ್ದದ್ದು ಯಂತ್ರವಲ್ಲ, ಹಿರಿಯರಿಂದ ಬಂದ ಅರಿವು.

2005ರ ವಿಪತ್ತು ನಿರ್ವಹಣಾ ಕಾಯಿದೆಯು ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವನ್ನು ವಿಧಿಸಿದೆ. ಪರಿಹಾರ ನೀಡುವಲ್ಲಿ ಲಿಂಗ, ಜಾತಿ, ಧರ್ಮಗಳ ಭೇದ ಕೂಡದೆಂದು ಅದರ 61ನೆಯ ಪ್ರಕರಣ ಸಾರುತ್ತದೆ. ಆದರೆ ಭೇದವೆಣಿಸದ ಮಾತ್ರಕ್ಕೆ ನ್ಯಾಯ ದೊರೆತಂತಾಗದು. ಹಕ್ಕುಪತ್ರವಿಲ್ಲದವನಿಗೆ, ಓದುಬರಹ ಬಾರದವಳಿಗೆ ಪರಿಹಾರದ ಅರ್ಜಿಯೇ ಎರಡನೆಯ ವಿಪತ್ತು. ರಸ್ತೆಯಿಲ್ಲದ ಹಾಡಿಗಳಲ್ಲಿ ವೃದ್ಧರೆಷ್ಟು, ಗರ್ಭಿಣಿಯರೆಷ್ಟು, ಹೊಳೆ ಉಕ್ಕಿದರೆ ಹೋಗುವ ದಾರಿ ಯಾವುದು ಎಂಬುದನ್ನು ಬೇಸಗೆಯಲ್ಲಿಯೇ ಅವರೊಡನೆ ಕುಳಿತು ಬರೆದಿಡುವುದು ಈ ವೃತ್ತಿಯ ನಿಜವಾದ ದುಡಿಮೆ. ಅದಕ್ಕೆ ಹಾರತುರಾಯಿಗಳು ದೊರೆಯುವುದಿಲ್ಲ.

ಅಮೆರಿಕದಲ್ಲಿ ಮೂಲನಿವಾಸಿ ಬುಡಕಟ್ಟುಗಳು ವಿಪತ್ತು ಘೋಷಣೆಗಾಗಿ ರಾಜ್ಯದ ಗವರ್ನರರ ಮೂಲಕವೇ ಕೇಳಬೇಕಿತ್ತು. 2013ರ ತಿದ್ದುಪಡಿಯು ರಾಷ್ಟ್ರಾಧ್ಯಕ್ಷರನ್ನು ನೇರವಾಗಿ ಕೇಳುವ ಹಕ್ಕನ್ನು ಅವುಗಳಿಗೆ ಕೊಟ್ಟಿತು. ನೊಂದವರ ಪರವಾಗಿ ಮತ್ತೊಬ್ಬರು ಮಾತನಾಡುವುದಕ್ಕಿಂತ ನೊಂದವರೇ ಮಾತನಾಡುವುದು ಲೇಸೆಂಬುದೇ ಇದರಿಂದ ಕಲಿಯತಕ್ಕ ಪಾಠ.

ಆದುದರಿಂದ ಜೇನುಕುರುಬ, ಸೋಲಿಗ, ಎರವರ ಮಕ್ಕಳೇ ಈ ವಿದ್ಯೆಯನ್ನು ಕಲಿತು ಜಿಲ್ಲಾ ಕಚೇರಿಗಳಲ್ಲಿ ಅಧಿಕಾರದ ಸ್ಥಾನ ಪಡೆಯುವ ದಿನ ಬರಬೇಕು. ಅಧ್ಯಾಪಕರು ವೈದ್ಯ, ಇಂಜಿನಿಯರ್ ವೃತ್ತಿಗಳ ಜೊತೆಗೆ ಇದನ್ನೂ ತರಗತಿಯಲ್ಲಿ ಹೆಸರಿಸಲಿ. ಹಳೆಯ ವಿದ್ಯಾರ್ಥಿಗಳು ದಾರಿ ತೋರಲಿ. ಪ್ರವಾಹ ಬಂದಾಗ ದಾನಿಗಳು ಕಂಬಳಿ ಕಳುಹಿಸುವುದು ಸ್ತುತ್ಯವೇ ಸರಿ. ಪ್ರವಾಹಕ್ಕೆ ಹತ್ತು ವರ್ಷ ಮೊದಲೇ ಹಾಡಿಯ ಒಂದು ಮಗುವಿನ ವಿದ್ಯಾಭ್ಯಾಸದ ಭಾರ ಹೊರುವುದು ಅದಕ್ಕಿಂತ ದೊಡ್ಡ ದಾಸೋಹ. ಕಂಬಳಿ ಒಂದು ಮಳೆಗಾಲಕ್ಕೆ ಆದೀತು. ಓದಿದ ಮಗು ಇಡೀ ಹಾಡಿಗೆ, ಬದುಕಿರುವವರೆಗೂ, ಆಪತ್ತಿಗಾಗುವ ನೆಂಟನಾದೀತು.