ಕೂಡಿಸಿದವರು ಯಾರು?

ಶಹಾಪುರದಲ್ಲಿರುವ ನನ್ನ ಅಣ್ಣನ ಮಗ ಕಳೆದ ಬೇಸಿಗೆಯಲ್ಲಿ ಸುರಪುರದ ನಮ್ಮ ಮನೆಗೆ ಬಂದಾಗ ಚೀಲದಿಂದ ಒಂದು ಹಾರ್ಡ್ ಡಿಸ್ಕ್ ತೆಗೆದು ಮುಂದಿಟ್ಟ. ‘ಕಾಕಾ, ನೀವು ಜೀವನಪೂರ್ತಿ ಪುಸ್ತಕ ಹೊಂದಿಸಿಟ್ಟವರು. ಇದನ್ನೊಂದು ಹೊಂದಿಸಿಕೊಡ್ರಿ’ ಅಂದ. ಗ್ರಂಥಾಲಯದಿಂದ ನಿವೃತ್ತನಾದವನಿಗೆ ಇಂಥ ಮಾತು ಕೇಳಿದರೆ ಹೆಮ್ಮೆಯಾಗುತ್ತದೆ. ಡಿಸ್ಕ್ ತೆರೆದು ನೋಡಿದ ಮೇಲೆ ಹೆಮ್ಮೆ ಉಳಿಯಲಿಲ್ಲ. ‘ಫುಲ್ ಸೀರೀಸ್’, ‘ಆಲ್ ಎಪಿಸೋಡ್ಸ್ ಹೊಸದು’, ‘ಮಾಲ್ಗುಡಿ ಎಲ್ಲಾ’, ‘ಆಲ್ ಎಪಿಸೋಡ್ಸ್ ಹೊಸದು 2’. ಒಂದೊಂದು ಫೈಲು ಐದು ತಾಸು, ಆರು ತಾಸು. ಒಳಗೆ ಏನಿದೆ, ಯಾರು ಮಾಡಿದ್ದು, ಯಾವಾಗಿನದು ಎಂದು ಕೇಳಿದೆ. ‘ಎಲ್ಲಾ ಅದರಾಗೇ ಅದ ನೋಡ್ರಿ’ ಅಂದ ಹುಡುಗ.

ಎಲ್ಲಾ ಅದರಲ್ಲೇ ಇರುವುದೇ ತೊಂದರೆ. ನಮ್ಮ ಕಡೆ ಮೊಬೈಲ್ ಅಂಗಡಿಗೆ ಮೆಮೊರಿ ಕಾರ್ಡ್ ಒಯ್ದು ‘ತುಂಬಿಸಿಕೊಡ್ರಿ’ ಎಂದು ಕೇಳುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ತುಂಬಿಸುವುದಕ್ಕೂ ಹೊಂದಿಸುವುದಕ್ಕೂ ಇರುವ ಅಂತರ ನಮಗೆ ತಿಳಿಯದೆ ಹೋದದ್ದು ಬಹುಶಃ ಆಗಲೇ. ಇಂದು ವೆಬ್ ಸರಣಿಗಳ ಕಂತುಗಳನ್ನೆಲ್ಲ ಒಟ್ಟು ಹೊಲಿದು ಒಂದೇ ವಿಡಿಯೊ ಮಾಡುವ ರೂಢಿ ಎಲ್ಲೆಡೆ ಇದೆ. ಮನೆಯ ಸಂಗ್ರಹದಲ್ಲಿ ಅಂಥವನ್ನು ಎಲ್ಲಿಡಬೇಕು, ಏನೆಂದು ಕರೆಯಬೇಕು ಎಂಬ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಈ ಪ್ರಶ್ನೆಯನ್ನು ಸುರಪುರ, ಶಹಾಪುರ ಸೀಮೆಯ ನಮ್ಮ ಸಗರನಾಡು ಓಲೆಗರಿಯ ಕಾಲದಿಂದಲೂ ಬಲ್ಲದು.

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಮೊದಲ ವಚನಕಾರರಲ್ಲಿ ಎಣಿಸುವ ಆತನ ಅಂಕಿತ ರಾಮನಾಥ. ಊರಲ್ಲಿ ರಾಮನಾಥನ ಗುಡಿ ಇದೆ. ವಚನಗಳು ನಮ್ಮ ಕೈಗೆ ಬಂದದ್ದು ಒಬ್ಬೊಬ್ಬರ ಪುಸ್ತಕವಾಗಿ ಅಲ್ಲ, ಕಟ್ಟುಗಳಾಗಿ. ಎರಡು ಮರದ ಹಲಗೆಗಳ ನಡುವೆ, ದಾರ ಪೋಣಿಸಿದ ಗರಿಗಳಲ್ಲಿ ಹತ್ತಾರು ಜನರ ಮಾತು ಒಟ್ಟಿಗೆ ಇರುತ್ತಿತ್ತು. ಒಂದೇ ಕಟ್ಟಿನಲ್ಲಿ ವಚನ, ಪುರಾಣ, ವೈದ್ಯ ಎಲ್ಲ ಸೇರಿರುವುದೂ ಉಂಟು. ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಯಾವ ವಚನ ಯಾರದು ಎಂದು ಬಿಡಿಸಲು ಮುಖ್ಯ ಆಧಾರವಾಗಿ ಒದಗಿದ್ದು ಅಂಕಿತ. ಕಟ್ಟು ಯಾರದೇ ಇರಲಿ, ನಕಲು ಮಾಡಿದವರು ಯಾರೇ ಇರಲಿ, ಹೇಳಿದವನ ಗುರುತು ವಚನದೊಳಗೇ ಇತ್ತು. ಕಂಪ್ಯೂಟರಿನವರು ಈಗ ಮೆಟಾಡೇಟಾ ಅನ್ನುತ್ತಾರಲ್ಲ, ಮಾಹಿತಿಯ ಬಗೆಗಿನ ಮಾಹಿತಿ, ಅದು ಇದೇ. ಅಂಕಿತವಿದ್ದರೂ ತಕರಾರು ತಪ್ಪಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂದು ವಿದ್ವಾಂಸರು ವಾದ ಮಾಡಿದ್ದಾರೆ.

ಈಗ ಆರು ತಾಸಿನ ಫೈಲಿಗೆ ಬರೋಣ. ಕಂತುಗಳನ್ನು ಹೊಲಿಯುವವರು ಮೊದಲು ಕತ್ತರಿಸುವುದು ಶೀರ್ಷಿಕೆಯ ಭಾಗ. ಪ್ರತಿ ಕಂತಿನ ಆರಂಭದ ಹಾಡು, ಹೆಸರುಗಳ ಪಟ್ಟಿ, ಕೊನೆಯ ಕೃತಜ್ಞತೆ ನೋಡುವವನಿಗೆ ಬೇಸರ ಎಂದು ತೆಗೆದುಹಾಕುತ್ತಾರೆ. ನಿರ್ದೇಶಕ, ಬರಹಗಾರ, ಕ್ಯಾಮೆರಾ ಹಿಡಿದವರ ಹೆಸರು ಇದ್ದದ್ದು ಅಲ್ಲೇ. ವಚನದಿಂದ ಅಂಕಿತ ಒಂದನ್ನೇ ಹುಡುಕಿ ಕಿತ್ತಹಾಗಾಯಿತು.

ಇದರಿಂದ ಆಗುವ ತಪ್ಪಿಗೆ ಉದಾಹರಣೆ ಅಣ್ಣನ ಮಗನ ಡಿಸ್ಕಿನಲ್ಲೇ ಇತ್ತು. ‘ಶಂಕರ್ ನಾಗ್ ಮಾಲ್ಗುಡಿ ಎಲ್ಲಾ’ ಎಂಬ ಫೋಲ್ಡರು. ದೂರದರ್ಶನದ ‘ಮಾಲ್ಗುಡಿ ಡೇಸ್’ ಎಂಬತ್ತರ ದಶಕದ್ದು. ಆಗುಂಬೆಯಲ್ಲಿ ಚಿತ್ರೀಕರಣ, ನಿರ್ದೇಶನ ಶಂಕರ್ ನಾಗ್, ರೇಖಾಚಿತ್ರ ಆರ್.ಕೆ. ಲಕ್ಷ್ಮಣ್. ಶಂಕರ್ ನಾಗ್ 1990ರಲ್ಲಿ ತೀರಿಕೊಂಡರು. 2006ರಲ್ಲಿ ಅದೇ ಹೆಸರಿನಲ್ಲಿ ಹೊಸ ಕಂತುಗಳು ಬಂದವು. ಅವನ್ನು ನಿರ್ದೇಶಿಸಿದವರು ಕವಿತಾ ಲಂಕೇಶ್. ಫೋಲ್ಡರಿನಲ್ಲಿ ಎರಡೂ ಕಲಸಿದ್ದವು. ಹೆಸರುಪಟ್ಟಿ ಹೋಗಿದೆ, ಫೋಲ್ಡರಿನ ಮೇಲೆ ಒಂದೇ ಹೆಸರಿದೆ. ಆದ್ದರಿಂದ ಕವಿತಾ ಲಂಕೇಶರ ಕೆಲಸ, ಅದಕ್ಕಿಂತ ಹದಿನಾರು ವರ್ಷ ಮೊದಲೇ ತೀರಿಕೊಂಡವರ ಖಾತೆಗೆ ಜಮೆಯಾಗಿದೆ. ಇದು ನೋಡುವವನ ತಪ್ಪಲ್ಲ, ಕೂಡಿಸಿದವನ ಅವಸರ.

ಹಾಗಾದರೆ ಕೂಡಿಸಿದ್ದೆಲ್ಲ ಕೆಟ್ಟದ್ದೇ? ಅಲ್ಲ. ಶೂನ್ಯಸಂಪಾದನೆಯೂ ಕೂಡಿಸಿದ್ದೇ. ಬೇರೆ ಬೇರೆ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಅದು ತಾನೇ ಒಂದು ಕೃತಿ. ಬಿಡಿಸಿದರೆ ವಚನಗಳು ಉಳಿಯುತ್ತವೆ, ಕೃತಿ ಹೋಗುತ್ತದೆ. ಸಿನಿಮಾದಲ್ಲಿ ಪುಟ್ಟಣ್ಣ ಕಣಗಾಲರ 1976ರ ‘ಕಥಾಸಂಗಮ’ ನೋಡಿ. ಹಂಗು, ಅತಿಥಿ, ಮುನಿತಾಯಿ ಎಂಬ ಮೂರು ಕಥೆಗಳು, ಬರೆದವರು ಮೂವರು. ಆದರೂ ಅದು ಒಂದು ಚಿತ್ರ, ಏಕೆಂದರೆ ಪುಟ್ಟಣ್ಣನವರೇ ಹಾಗೆ ಕೂಡಿಸಿದರು. ಮೂರು ತುಂಡು ಮಾಡಿ ಮೂರು ಕಂತಿನ ಸರಣಿ ಎಂದು ಇಡುವುದು ತಪ್ಪು. 2019ರಲ್ಲಿ ರಿಷಬ್ ಶೆಟ್ಟಿ ನಿರ್ಮಿಸಿದ ಇನ್ನೊಂದು ‘ಕಥಾಸಂಗಮ’ದಲ್ಲಿ ಏಳು ಕಥೆ, ಏಳು ನಿರ್ದೇಶಕರು. ಅದೂ ಒಂದೇ ಚಿತ್ರ. 2024ರ ‘ಏಕಂ’ ಇದಕ್ಕೆ ತಿರುವುಮುರುವು. ಕರಾವಳಿಯ ಏಳು ಕಥೆಗಳ ಈ ಸರಣಿಯನ್ನು ತಯಾರಕರು ತಮ್ಮದೇ ಜಾಲತಾಣದಲ್ಲಿ ಕಂತುಗಳಾಗಿ ಬಿಟ್ಟರು. ಏಳು ಕಥೆ ಎಂಬ ಎಣಿಕೆ ಎರಡಕ್ಕೂ ಒಂದೇ ಆದರೂ ಒಂದು ಚಿತ್ರ, ಇನ್ನೊಂದು ಸರಣಿ.

ಹೀಗಾಗಿ ನಾನು ಹುಡುಗನಿಗೆ ಕೊಟ್ಟ ಸೂತ್ರ ಒಂದೇ. ಪ್ರತಿ ಫೈಲಿಗೂ ‘ಇದನ್ನು ಕೂಡಿಸಿದವರು ಯಾರು?’ ಎಂದು ಕೇಳು. ಮಾಡಿದವರೇ ಕೂಡಿಸಿದ್ದರೆ ಬಿಡಿಸಬೇಡ. ನಡುವಿನವರು ಕೂಡಿಸಿದ್ದರೆ ಬಿಡಿಸು. ಬಿಡಿಸಲಾಗದಿದ್ದರೆ ಇದು ನಡುವಿನವರ ಕೆಲಸ ಎಂದು ಬರೆದಿಡು.

ಇನ್ನು ಕೆಲಸದ ಮಾತು. ಮನೆಯ ಟಿವಿಯಲ್ಲಿ ಸಂಗ್ರಹವನ್ನು ಚಿತ್ರಸಮೇತ ಪಟ್ಟಿಯಾಗಿ ತೋರಿಸುವ ಜೆಲ್ಲಿಫಿನ್, ಕೋಡಿ, ಪ್ಲೆಕ್ಸ್ ಮುಂತಾದ ತಂತ್ರಾಂಶಗಳಿವೆ. ಮೊದಲಿನ ಎರಡು ಪೂರ್ತಿ ಉಚಿತ. ಇವು ವಿಡಿಯೊ ನೋಡಿ ಕಥೆ ಗುರುತಿಸುವುದಿಲ್ಲ. ಫೈಲಿನ ಹೆಸರು ಓದುತ್ತವೆ, ಅಷ್ಟೇ. ಆದ್ದರಿಂದ ಹೆಸರಿಡುವ ಕ್ರಮ ಹೀಗೆ: ಸರಣಿಯ ಹೆಸರು ಮತ್ತು ವರ್ಷದ ಒಂದು ಫೋಲ್ಡರು, ಅದರೊಳಗೆ ‘ಸೀಸನ್ 01’, ಅದರೊಳಗೆ ಪ್ರತಿ ಕಂತಿನ ಹೆಸರಲ್ಲಿ ಎಸ್01ಇ01, ಎಸ್01ಇ02 ಎಂಬ ಗುರುತು. ಈ ಗುರುತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಎಸ್ ಎಂದರೆ ಸೀಸನ್, ಇ ಎಂದರೆ ಎಪಿಸೋಡ್. ಅಂಕಿಗೆ ಮೊದಲು ಸೊನ್ನೆ ಏಕೆಂದರೆ, ಅದಿಲ್ಲದಿದ್ದರೆ ಎಷ್ಟೋ ಟಿವಿಗಳ ಸಾಲಿನಲ್ಲಿ 1 ಆದಮೇಲೆ 10 ಬಂದು ಕೂರುತ್ತದೆ, 2 ಆಮೇಲೆ ಬರುತ್ತದೆ. ಕನ್ನಡದ ೧, ೨ ನನಗೂ ಪ್ರೀತಿಯವೇ, ಆದರೆ ಇಲ್ಲಿ ಬೇಡ. ಹಾಡು, ತೆರೆಮರೆಯ ದೃಶ್ಯ, ಟ್ರೈಲರ್ ಇಂಥ ಬಿಡಿ ಸಾಮಾನನ್ನು ‘ಸೀಸನ್ 00’ರಲ್ಲಿ ಇಡಬಹುದು. ಯಾರೋ ಹೊಲಿದ ಸಂಕಲನವನ್ನು ಇಟ್ಟುಕೊಳ್ಳಲೇಬೇಕಿದ್ದರೆ ಅದಕ್ಕೂ ಅದೇ ಜಾಗ.

ವರ್ಷ ಬರೆಯುವುದು ಸುಮ್ಮನೆ ಶಿಸ್ತಿಗಲ್ಲ. ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ 2018ರಲ್ಲಿ ಚಿತ್ರ, 2022ರಲ್ಲಿ ವೆಬ್ ಸರಣಿ. ವರ್ಷವಿಲ್ಲದೆ ಹೆಸರಷ್ಟೇ ಇದ್ದರೆ ಒಂದಕ್ಕೆ ಇನ್ನೊಂದರ ಚಿತ್ರಪಟ, ಇನ್ನೊಂದರ ವಿವರ ಅಂಟಿಕೊಳ್ಳಬಹುದು. ಹುಡುಗ ‘ವೂಟ್’ ಎಂದು ಫೋಲ್ಡರು ಮಾಡಿ ಅದರಲ್ಲಿಡೋಣ ಅಂದಿದ್ದ. ಆ ಸರಣಿ ಬಂದದ್ದು ವೂಟ್ ಎಂಬ ಒಟಿಟಿ ತಾಣದಲ್ಲೇ ನಿಜ. ಆದರೆ ವೂಟ್ 2023ರಲ್ಲಿ ಜಿಯೊಸಿನಿಮಾದೊಳಗೆ ಸೇರಿತು. 2025ರ ಫೆಬ್ರುವರಿಯಲ್ಲಿ ಆ ಜಿಯೊಸಿನಿಮಾ ಹಾಟ್‌ಸ್ಟಾರ್ ಜತೆ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಮಾರಿದ ಅಂಗಡಿಯ ಹೆಸರಿನಲ್ಲಿ ಪುಸ್ತಕ ಜೋಡಿಸುವ ಗ್ರಂಥಾಲಯ ನಾನು ನೋಡಿಲ್ಲ.

ಐದು ತಾಸಿನ ಒಂದೇ ಫೈಲನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಹುಡುಗ ಒಪ್ಪಿದ. ಜೆಲ್ಲಿಫಿನ್ ನೀವು ಎಲ್ಲಿ ನಿಲ್ಲಿಸಿದಿರಿ ಎಂದು ನೆನಪಿಡುತ್ತದೆ. ಆದರೆ ಮೊದಲ ಶೇಕಡ 5ರೊಳಗೆ ನಿಲ್ಲಿಸಿದರೆ ನೋಡಲೇ ಇಲ್ಲ ಎಂದೂ, ಶೇಕಡ 90 ದಾಟಿದರೆ ಪೂರ್ತಿ ನೋಡಿ ಮುಗಿಸಿದಿರಿ ಎಂದೂ ಲೆಕ್ಕ ಹಿಡಿಯುತ್ತದೆ. ಬದಲಿಸದಿದ್ದರೆ ಇರುವ ಹೊಂದಾಣಿಕೆ ಇದು. ಅರ್ಧ ತಾಸಿನ ಹತ್ತು ಕಂತುಗಳ ಕಟ್ಟಿನಲ್ಲಿ ಶೇಕಡ 90 ಎಂದರೆ ಒಂಬತ್ತನೇ ಕಂತಿನ ಕೊನೆ. ಅಲ್ಲಿ ಕರೆಂಟು ಹೋದರೆ (ನಮ್ಮಲ್ಲಿ ಹೋಗುವುದೇ ಅಂಥ ಹೊತ್ತಿಗೆ) ಮರುದಿನ ತೆರೆದಾಗ ಸರಣಿ ಮುಗಿದಿದೆ ಎಂಬ ಗುರುತು ಕಾಣುತ್ತದೆ. ಕೊನೆಯ ಕಂತೇ ಉಳಿದಿರುತ್ತದೆ.

ಬಿಡಿಸುವುದು ಕಷ್ಟವಲ್ಲ. ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶಕ್ಕೆ ಯಾವ ನಿಮಿಷ, ಯಾವ ಸೆಕೆಂಡಿಗೆ ಕತ್ತರಿಸಬೇಕೆಂದು ಹೇಳಿದರೆ ಸಾಕು, ವಿಡಿಯೊವನ್ನು ಮತ್ತೆ ಅರೆಯದೆ, ಗುಣಮಟ್ಟ ಕೆಡದಂತೆ ತುಂಡು ಮಾಡಿಕೊಡುತ್ತದೆ. ಪೂರ್ಣ ಚಿತ್ರವಿರುವ ಚೌಕಟ್ಟಿನಲ್ಲಿ ಮಾತ್ರ ಕತ್ತರಿಸಬಲ್ಲದಾದ್ದರಿಂದ ನೀವು ಹೇಳಿದ ಜಾಗಕ್ಕಿಂತ ಕೆಲವು ಸೆಕೆಂಡು ಆಚೀಚೆ ಆಗಬಹುದು. ಅಷ್ಟೂ ಬೇಡ ಎನ್ನುವವರು ಅದೇ ಫೈಲಿನೊಳಗೆ ಅಧ್ಯಾಯಗಳ ಗುರುತು ಹಾಕಬಹುದು. ಕಟ್ಟು ಬಿಚ್ಚದೆ ಗರಿಗಳ ನಡುವೆ ಚೀಟಿ ಇಟ್ಟಹಾಗೆ.

ಹೆಸರಿನ ತೊಡಕು ನಮ್ಮ ಯಾದಗಿರಿ ಜಿಲ್ಲೆಯವರಿಗೆ ಹೊಸದಲ್ಲ. ಇದೇ ಊರು ಸುರಪುರ, ಶೋರಾಪುರ, ಇಂಗ್ಲಿಷಿನಲ್ಲಿ ಮೂರು ತರಹ. ಯಾದಗಿರಿಯನ್ನು ಯಾದಗೀರ ಎನ್ನುವವರೂ ಉಂಟು, ಯಾದವಗಿರಿ ಎನ್ನುವವರೂ ಉಂಟು. ಗ್ರಂಥಾಲಯದಲ್ಲಿ ನಾವು ಒಂದನ್ನು ಮುಖ್ಯ ಎಂದು ಆರಿಸಿ, ಉಳಿದವಕ್ಕೆ ‘ಅದನ್ನು ನೋಡಿ’ ಎಂಬ ಚೀಟಿ ಇಡುತ್ತಿದ್ದೆವು. ಇಲ್ಲೂ ಅಷ್ಟೇ. ಫೋಲ್ಡರಿಗೆ ಒಂದೇ ಕಾಗುಣಿತ ಗಟ್ಟಿಮಾಡಿ. ಕನ್ನಡದಲ್ಲೇ ಹೆಸರಿಡಬಹುದು, ಆದರೆ ಚಿಕ್ಕದಾಗಿ. ಲಿನಕ್ಸ್ ಯಂತ್ರಗಳಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೇಕು. ‘ಕ್ಷ’ ಎಂದು ಬರೆದರೆ ಕ, ಹಲಂತ, ಷ ಸೇರಿ ಅದೊಂದೇ 9 ಬೈಟ್ ನುಂಗುತ್ತದೆ. ಇನ್ನು ಪೆನ್‌ಡ್ರೈವ್ ಹಳೆಯ ಫ್ಯಾಟ್32 ಪದ್ಧತಿಯದಾಗಿದ್ದರೆ 4 ಜಿಬಿ ಮೀರಿದ ಫೈಲು ಅದಕ್ಕೆ ಹಿಡಿಯುವುದಿಲ್ಲ. ಜಾಗ ಖಾಲಿ ಇದ್ದರೂ ದೊಡ್ಡ ಸಂಕಲನ ನಕಲಾಗದಿದ್ದರೆ ಕಾರಣ ಬಹುತೇಕ ಇದೇ.

ಹಕ್ಕಿನ ವಿಚಾರ ಬಿಟ್ಟರೆ ಮಾತು ಅರ್ಧವಾಗುತ್ತದೆ. ಕೊಂಡ ಡಿವಿಡಿ, ತಯಾರಕರೇ ಇಳಿಸಿಕೊಳ್ಳಲು ಬಿಟ್ಟದ್ದು, ನೀವೇ ಚಿತ್ರಿಸಿದ್ದು, ಇವಿಷ್ಟೂ ನಿಮ್ಮ ಕಪಾಟಿನವು. ಒಟಿಟಿಯಲ್ಲಿರುವುದನ್ನು ನಕಲು ಮಾಡಿ ಇಡುವುದು ಸಂಗ್ರಹವಲ್ಲ. ಅದಕ್ಕೆ ಒಂದು ಪಟ್ಟಿ ಸಾಕು: ಹೆಸರು, ವರ್ಷ, ನಿರ್ದೇಶಕರು, ಈಗ ಎಲ್ಲಿ ಸಿಗುತ್ತದೆ. ಯೂಟ್ಯೂಬಿನ ಸರಣಿಗಳಿಗೆ ಮಾಡಿದವರ ಚಾನೆಲ್ಲಿನ ಕಂತುಗಳನ್ನೇ ಪ್ಲೇಲಿಸ್ಟ್ ಮಾಡಿಕೊಂಡರೆ ಪಟ್ಟಿಯೂ ಆಯಿತು, ನೋಟದ ಲೆಕ್ಕ ಅವರಿಗೇ ಸೇರಿತು. ಹುಡುಗನ ಡಿಸ್ಕಿನಿಂದ ಬಹಳಷ್ಟನ್ನು ಅಳಿಸಿದೆವು. ಅವನ ಮುಖ ಸಣ್ಣದಾಯಿತು.

ಅಳಿಸಿದ ಮೇಲೆ ಉಳಿದದ್ದರಲ್ಲಿ ಒಂದು ಫೋಲ್ಡರಿಗೆ ಹೆಸರೇ ಇರಲಿಲ್ಲ, ಫೋನು ತಾನೇ ಕೊಟ್ಟ ಅಂಕಿಗಳಷ್ಟೇ. ತೆರೆದರೆ ಅವನ ತಾಯಿಯ ಊರಲ್ಲಿ ರಾತ್ರಿಯಿಡೀ ನಡೆದ ದೊಡ್ಡಾಟ. ಫೋನು ಅದನ್ನು ಹನ್ನೊಂದು ತುಂಡು ಮಾಡಿತ್ತು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೆಸರಿನಿಂದ ತಿಳಿಯುವಂತಿರಲಿಲ್ಲ. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ: ಆಡಿದವರು ಒಂದೇ ರಾತ್ರಿಗೆ ಕೂಡಿಸಿದ್ದನ್ನು ಯಂತ್ರ ಹರಿದಿದೆ, ಆದ್ದರಿಂದ ಸೇರಿಸಬೇಕು. ಚಿತ್ರಿಸಿದ ವೇಳೆ ನೋಡಿ ಸೇರಿಸಿದೆವು. ಮುಂದಿನದು ಕಷ್ಟವಾಯಿತು. ಸಾರಥಿ ಯಾರು, ಮದ್ದಳೆ ಯಾರದು, ಆಟ ಕಲಿಸಿದ ಮಾಸ್ತರ ಯಾವ ಊರಿನವರು? ಟಿಎಂಡಿಬಿಯಂಥ ಜಾಗತಿಕ ಸಿನಿಮಾ ದತ್ತಕೋಶದಲ್ಲಿ ನೊಗ್ರಾಜ್ ಸಿಗುತ್ತಾನೆ, ಇವರು ಸಿಗುವುದಿಲ್ಲ. ಆ ಊರಿಗೆ ಫೋನು ಹಚ್ಚಿ ಕೇಳಿದಾಗ ಆರು ಹೆಸರು ಸಿಕ್ಕವು. ಹೆಣ್ಣುಪಾತ್ರ ಮಾಡಿದ ಒಬ್ಬರ ಹೆಸರು ಇನ್ನೂ ಸಿಕ್ಕಿಲ್ಲ. ಗೊತ್ತಿದ್ದ ಹಿರಿಯರು ಹೋಗಿಬಿಟ್ಟಿದ್ದಾರೆ.

ಸಂಕ್ರಾಂತಿಗೆ ನಮ್ಮ ಕಡೆಯ ಮೈಲಾಪುರದ ಜಾತ್ರೆಗೆ ಹೋಗುವವರು, ನಿಮ್ಮೂರ ಆಟವನ್ನು ಫೋನಿನಲ್ಲಿ ಹಿಡಿಯುವವರು ಒಂದು ಕೆಲಸ ಮಾಡಿ. ಆಟ ಶುರುವಾಗುವ ಮುಂಚೆ ಬಣ್ಣದ ಮನೆಗೆ ಹೋಗಿ, ಒಬ್ಬೊಬ್ಬರ ಬಾಯಲ್ಲೇ ಅವರ ಹೆಸರು, ಊರು, ಪಾತ್ರ ಹೇಳಿಸಿ ಅದನ್ನೇ ಮೊದಲ ತುಂಡಾಗಿ ಚಿತ್ರಿಸಿಕೊಳ್ಳಿ. ಎರಡು ನಿಮಿಷ ಸಾಕು.