ಒಂದು ತೂಬು, ಎರಡು ಗದ್ದೆ

ಮುಳಬಾಗಿಲಿನಿಂದ ಕೋಲಾರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ವಾರಕ್ಕೆರಡು ದಿನವಾದರೂ ನಾನೊಬ್ಬ ಪ್ರಯಾಣಿಕ. ತರಗತಿಗೆ ಬೇಕಾದ ಟಿಪ್ಪಣಿಯನ್ನು ದಾರಿಯಲ್ಲಿ ನೋಡಿಕೊಳ್ಳಬೇಕೆಂದು ಕೈಯಲ್ಲಿ ಹಿಡಿದೇ ಹತ್ತುತ್ತೇನೆ. ಬಸ್ಸಿನೊಳಗಿನ ಮಾತು ಟಿಪ್ಪಣಿಗಿಂತ ರುಚಿಯಾಗಿರುವುದರಿಂದ, ಇಳಿಯುವ ಹೊತ್ತಿಗೂ ಅದು ಮಡಿಸಿದ ಹಾಗೆಯೇ ಇರುತ್ತದೆ.

ಒಂದು ದಿನ ಇಬ್ಬರು ಹಿರಿಯರು ಒಟ್ಟಿಗೆ ಹತ್ತಿದರು. ಇಬ್ಬರೂ ಒಂದೇ ಪಕ್ಷಕ್ಕೆ ನಲವತ್ತು ವರ್ಷ ಬಾವುಟ ಹಿಡಿದವರೆಂಬುದು ಬಸ್ಸಿಗೆಲ್ಲ ಗೊತ್ತು. ಒಬ್ಬರು ಮುಂದಿನ ಸಾಲಿನಲ್ಲಿ ಕುಳಿತರು. ಇನ್ನೊಬ್ಬರು, ಅವರ ಪಕ್ಕದ ಜಾಗ ಬರಿದಾಗಿದ್ದರೂ, ಹಿಂದೆ ಬಂದು ನನ್ನ ಬಳಿ ಕಂಬಿ ಹಿಡಿದು ನಿಂತರು. “ಮುಂದೆ ಸ್ಥಳವಿದೆಯಲ್ಲ, ಯಜಮಾನರೇ?” ಎಂದೆ. “ಇದೆ ಮೇಷ್ಟ್ರೇ. 2019ರಿಂದ ಆ ಬೆಂಚಿನಲ್ಲಿ ನಾನು ಕೂತಿಲ್ಲ” ಎಂದರು.

ಆ ವರ್ಷದ ಮಾತೇನೆಂಬುದು ಕೋಲಾರದ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದ ವಾಚಕ ಮಹಾಶಯರಿಗಾಗಿ ಹೇಳುತ್ತೇನೆ. ಅದಕ್ಕೆ ಮೊದಲು, ನನ್ನ ಮನಸ್ಸಿನಲ್ಲಿ ಅಂದು ಎದ್ದ ಪ್ರಶ್ನೆಯನ್ನು ತಮ್ಮ ಮುಂದಿಡುವುದು ಮೇಲು: ಒಂದೇ ಪಕ್ಷದ ಇಬ್ಬರು ಪ್ರತಿಸ್ಪರ್ಧಿಗಳು ಪರಸ್ಪರ ಸೆಣಸಿದ ಬಳಿಕ ಒಂದೇ ರಥದಲ್ಲಿ ಕೂರುವುದು ಒಳಿತೇ, ಕೆಡುಕೇ?

ಅಮೆರಿಕದವರು ಈ ಪ್ರಶ್ನೆಯನ್ನು ತಮ್ಮ ಗಣರಾಜ್ಯದ ಬಾಲ್ಯದಿಂದಲೂ ಕೇಳಿಕೊಂಡಿದ್ದಾರೆ. ಅಲ್ಲಿಯ ಮೂಲ ಸಂವಿಧಾನದಂತೆ ಹೆಚ್ಚು ಮತ ಪಡೆದವನು ಅಧ್ಯಕ್ಷ, ಎರಡನೆಯವನು ಉಪಾಧ್ಯಕ್ಷ. 1796ರಲ್ಲಿ ಜಾನ್ ಆಡಮ್ಸ್ 71 ಮತಗಳಿಂದ ಅಧ್ಯಕ್ಷನಾದ; ಅವನೊಡನೆ ಸೆಣಸಿ 68 ಮತ ಪಡೆದ ಥಾಮಸ್ ಜೆಫರ್‌ಸನ್ ಉಪಾಧ್ಯಕ್ಷನಾದ. ನಾಲ್ಕು ವರ್ಷ ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸಲಿಲ್ಲ. 1804ರಲ್ಲಿ ಸಂವಿಧಾನವನ್ನೇ ತಿದ್ದಿ, ಎರಡು ಸ್ಥಾನಗಳಿಗೆ ಪ್ರತ್ಯೇಕ ಮತವೆಂದು ಗೊತ್ತುಮಾಡಿದರು. ಕಾನೂನಿನ ಬಲವಂತದಿಂದ ವೈರಿಗಳನ್ನು ಒಂದೆಡೆ ಕೂರಿಸಿದರೆ ಅವರು ಮಿತ್ರರಾಗುವುದಿಲ್ಲವೆಂಬುದು ಅವರು ಕಲಿತ ಮೊದಲ ಪಾಠ.

ಎರಡನೆಯ ಪಾಠ 1960ರದು. ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಜಾನ್ ಕೆನೆಡಿ ಮತ್ತು ಲಿಂಡನ್ ಜಾನ್‌ಸನ್ ಎದುರುಬದುರಾದರು. ಎಣಿಕೆಯಾಯಿತು: ಕೆನೆಡಿಗೆ 806, ಜಾನ್‌ಸನ್ನರಿಗೆ 409. ಗೆದ್ದವನು ಸೋತವನನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಕರೆದ, ಸೋತವನು ಒಪ್ಪಿದ. ಒಬ್ಬರನ್ನೊಬ್ಬರು ಮೆಚ್ಚಿದ್ದರಿಂದಲ್ಲ, ಒಬ್ಬರಿಗೊಬ್ಬರು ಬೇಕಾಗಿದ್ದುದರಿಂದ. ಆ ಜೋಡಿ ಚುನಾವಣೆಯನ್ನು ಗೆದ್ದಿತು. 1980ರಲ್ಲಿ ರೇಗನ್ ಮತ್ತು ಬುಷ್, 2020ರಲ್ಲಿ ಬೈಡನ್ ಮತ್ತು ಕಮಲಾ ಹ್ಯಾರಿಸ್ ಅದೇ ಹಾದಿಯಲ್ಲಿ ನಡೆದರು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಕೆ.ಎಚ್. ಮುನಿಯಪ್ಪನವರು 1991ರಿಂದ ಸತತವಾಗಿ ಏಳು ಬಾರಿ ಕೋಲಾರದ ಲೋಕಸಭಾ ಸದಸ್ಯರಾಗಿದ್ದವರು. ಅವರಿಗೂ ಜಿಲ್ಲೆಯ ಕಾಂಗ್ರೆಸ್ಸಿನ ಇನ್ನೊಂದು ಬಣಕ್ಕೂ ಬಹುಕಾಲದಿಂದ ಸರಿಬರುತ್ತಿರಲಿಲ್ಲ. ಆ ಬಣದಲ್ಲಿ ಎದ್ದು ಕಾಣುತ್ತಿದ್ದವರು ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರರು. 2019ರಲ್ಲಿ ಪಕ್ಷ ಮತ್ತೆ ಮುನಿಯಪ್ಪನವರನ್ನೇ ನಿಲ್ಲಿಸಿತು. ಪಕ್ಷದೊಳಗಿನವರೇ ಕೆಲವರು ಅವರ ವಿರುದ್ಧ ನಿಂತದ್ದು ಗುಟ್ಟಾಗಿರಲಿಲ್ಲ. ಭಾರತೀಯ ಜನತಾ ಪಕ್ಷದ ಎಸ್. ಮುನಿಸ್ವಾಮಿಯವರು 2 ಲಕ್ಷ 10 ಸಾವಿರ ಮತಗಳ ಅಂತರದಿಂದ ಗೆದ್ದರು. ಬಸ್ಸಿನ ಬೆಂಚಿನಲ್ಲಿ ಸ್ನೇಹ ಮುರಿದದ್ದು ಆ ವರ್ಷ.

2024ರಲ್ಲಿ ಕಥೆ ಇನ್ನೊಂದು ಬಗೆಯಾಗಿ ಸಾಗಿತು. ಅಷ್ಟರಲ್ಲಿ ದೇವನಹಳ್ಳಿಯಿಂದ ಗೆದ್ದು ರಾಜ್ಯದ ಸಚಿವರಾಗಿದ್ದ ಮುನಿಯಪ್ಪನವರು ತಮ್ಮ ಅಳಿಯನಿಗೆ ಟಿಕೆಟ್ ಬಯಸಿದರು. ಎದುರು ಬಣ ಸಿಡಿದೆದ್ದಿತು. ಮಾರ್ಚ್ ಕೊನೆಯ ವಾರದಲ್ಲಿ ಕೋಲಾರದ ಕೊತ್ತೂರು ಮಂಜುನಾಥ್, ಮಾಲೂರಿನ ಕೆ.ವೈ. ನಂಜೇಗೌಡ ಮೊದಲಾದ ಶಾಸಕರು, ವಿಧಾನ ಪರಿಷತ್ತಿನ ಇಬ್ಬರು ಸದಸ್ಯರು ರಾಜೀನಾಮೆಯ ಬೆದರಿಕೆ ಹಾಕಿದರು. ವರಿಷ್ಠರು ಆ ಬಣಕ್ಕೂ ಬೇಡ, ಈ ಬಣಕ್ಕೂ ಬೇಡವೆಂದು ಬೆಂಗಳೂರಿನ ಮಾಜಿ ಮೇಯರೊಬ್ಬರ ಪುತ್ರ ಕೆ.ವಿ. ಗೌತಮ್ ಅವರನ್ನು ಅಭ್ಯರ್ಥಿಯನ್ನಾಗಿಸಿದರು. ಏಪ್ರಿಲ್ 26ರಂದು ಮತದಾನವಾಯಿತು. ಜಾತ್ಯತೀತ ಜನತಾದಳದ ಎಂ. ಮಲ್ಲೇಶ್ ಬಾಬು 71 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2023ರ ಮೇ ತಿಂಗಳಲ್ಲಿ ಅವುಗಳಲ್ಲಿ ಐದನ್ನು ಗೆದ್ದ ಪಕ್ಷ, ವರ್ಷ ತುಂಬುವ ಮೊದಲೇ ನಡೆದ ಈ ಚುನಾವಣೆಯಲ್ಲಿ ಸೋತಿತು. ಇದಕ್ಕೆ ಕಲಹವೊಂದೇ ಕಾರಣವೆಂದು ನಾನು ಹೇಳಲಾರೆ. ಎದುರು ಪಾಳೆಯದಲ್ಲಿ ಅದೇ ವೇಳೆಗೆ ಏನು ನಡೆದಿತ್ತೆಂಬುದನ್ನೂ ನೋಡಬೇಕು. ಅಲ್ಲಿ ಒಂದು ಕಾಲದ ಎದುರಾಳಿಗಳಾದ ಎರಡು ಪಕ್ಷಗಳು ಕೈಜೋಡಿಸಿದ್ದವು. ಕೋಲಾರದಲ್ಲಿ ತನ್ನದೇ ಸಂಸದರಿದ್ದರೂ ಭಾರತೀಯ ಜನತಾ ಪಕ್ಷ ಆ ಸ್ಥಾನವನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟಿತು. ಮಂಡ್ಯ, ಹಾಸನ, ಕೋಲಾರ ಜನತಾದಳಕ್ಕೆ, ಉಳಿದದ್ದು ತನಗೆ ಎಂಬುದು ಎಲ್ಲರಿಗೂ ತಿಳಿದಿದ್ದ ಲೆಕ್ಕ. ಒಂದು ಕಡೆ ಎರಡು ಪಕ್ಷಗಳು ಒಂದಾಗಿ ಬಂದವು. ಇನ್ನೊಂದು ಕಡೆ ಒಂದು ಪಕ್ಷ ಎರಡಾಗಿ ಬಂದಿತು.

ಇದರಿಂದ ಒಂದು ಪಕ್ಷವನ್ನು ಹೊಗಳಿ ಇನ್ನೊಂದನ್ನು ತೆಗಳಲು ಹೊರಟಿದ್ದೇನೆಂದು ತಾವು ಭಾವಿಸಬಾರದು. 2023ರಲ್ಲಿ ಮಾಲೂರಿನಲ್ಲಿ ನಡೆದುದು ಇದರ ತಿರುವುಮುರುವು. ಅಲ್ಲಿ ಭಾರತೀಯ ಜನತಾ ಪಕ್ಷದ ಟಿಕೆಟ್ ದೊರೆಯದ ಆಕಾಂಕ್ಷಿಯೊಬ್ಬರು ಸ್ವತಂತ್ರರಾಗಿ ನಿಂತು 49 ಸಾವಿರಕ್ಕೂ ಹೆಚ್ಚು ಮತ ಪಡೆದರು. ಪಕ್ಷದ ಅಧಿಕೃತ ಅಭ್ಯರ್ಥಿ ಅಂದಿನ ಘೋಷಣೆಯಂತೆ ಸೋತದ್ದು ಬರಿಯ 248 ಮತಗಳಿಂದ. ಆ ಎಣಿಕೆಯ ವ್ಯಾಜ್ಯ ಮುಂದೆ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಂದಮೇಲೆ ಈ ರೋಗಕ್ಕೆ ಪಕ್ಷಭೇದವಿಲ್ಲ.

ಹಾಗಾದರೆ ಪ್ರತಿಸ್ಪರ್ಧಿಗಳೆಲ್ಲ ಸುಮ್ಮನೆ ಅಪ್ಪಿಕೊಂಡರೆ ಸಾಕೇ? ಸಾಲದು. ನನ್ನ ಬಾಲ್ಯದಲ್ಲಿ ತಾತನವರು ಹೇಳುತ್ತಿದ್ದ ನೀರುಗಂಟಿಯ ಮಾತು ಇಲ್ಲಿ ನೆನಪಾಗುತ್ತದೆ. ನಮ್ಮದು ನದಿಯ ಸೀಮೆಯಲ್ಲ, ಕೆರೆಯ ಸೀಮೆ. ಕೆರೆಗೆ ತೂಬು ಒಂದೋ ಎರಡೋ. ಕೆಳಗಿನ ಗದ್ದೆಗಳು ಹತ್ತಾರು. ನೀರು ಸಾಲದ ವರ್ಷ ಅಣ್ಣತಮ್ಮಂದಿರೇ ಗುದ್ದಲಿ ಎತ್ತುವ ಪ್ರಸಂಗ. ಆದರೂ ಬೆಳೆ ಬರುತ್ತಿತ್ತು. ಏಕೆಂದರೆ ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ, ಎಷ್ಟು ಹೊತ್ತು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ನೀರುಗಂಟಿ ಅದನ್ನು ಯಾರ ಕಿವಿಯಲ್ಲೂ ಉಸುರುತ್ತಿರಲಿಲ್ಲ. “ರಾತ್ರಿ ಗುಟ್ಟಾಗಿ ತಿರುಗಿಸಿದ ನೀರು ಬೆಳಗಾಗುವುದರೊಳಗೆ ರಕ್ತವಾಗುತ್ತದೆ” ಎನ್ನುತ್ತಿದ್ದರು ನಮ್ಮ ತಾತ.

ನಮ್ಮ ರಾಜಕೀಯದಲ್ಲಿ ಕೊರತೆಯಾಗಿರುವುದು ಈ ಬಹಿರಂಗ ಸರದಿ. 2023ರ ಮೇ 13ರಂದು ಕಾಂಗ್ರೆಸ್ಸು ರಾಜ್ಯದಲ್ಲಿ 135 ಸ್ಥಾನ ಗೆದ್ದಿತು. ಮುಖ್ಯಮಂತ್ರಿಯ ಪದವಿಗೆ ಸಿದ್ದರಾಮಯ್ಯನವರು, ಡಿ.ಕೆ. ಶಿವಕುಮಾರರು ಇಬ್ಬರೂ ಅಭ್ಯರ್ಥಿಗಳು. ಮರುದಿನ ಶಾಸಕರಿಂದ ಗುಪ್ತ ಮತದ ಮೂಲಕ ಅಭಿಪ್ರಾಯ ಪಡೆದರು. ಯಾರಿಗೆ ಎಷ್ಟು ಎಂಬುದನ್ನು ಮಾತ್ರ ಪ್ರಕಟಿಸಲಿಲ್ಲ. ಮೇ 20ರಂದು ಒಬ್ಬರು ಮುಖ್ಯಮಂತ್ರಿಯಾಗಿ, ಇನ್ನೊಬ್ಬರು ಏಕೈಕ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಇಬ್ಬರನ್ನೂ ಉಳಿಸಿಕೊಂಡದ್ದು ಜಾಣತನವೆಂದೇ ನನ್ನ ಅಭಿಪ್ರಾಯ. ಆದರೆ ಅವಧಿ ಹಂಚಿಕೆಯ ಒಪ್ಪಂದವಿತ್ತೇ, ಇರಲಿಲ್ಲವೇ? ಎರಡೂವರೆ ವರ್ಷ ನಾಡಿನ ಜನ ಇದನ್ನು ಒಗಟಿನಂತೆ ಬಿಡಿಸಿದರು. 2025ರ ನವೆಂಬರ್ ಕೊನೆಯಲ್ಲಿ ಇಬ್ಬರೂ ಕೂಡಿ ಇಡ್ಲಿ, ಉಪ್ಪಿಟ್ಟು ಸೇವಿಸಿದ್ದೇ ರಾಜ್ಯದ ದೊಡ್ಡ ಸುದ್ದಿಯಾಯಿತು! ಎಣಿಕೆಯನ್ನು ಅಂದೇ ಹೇಳಿದ್ದರೆ ಉಪ್ಪಿಟ್ಟು ಬರಿಯ ಉಪ್ಪಿಟ್ಟಾಗಿ ಉಳಿಯುತ್ತಿತ್ತು.

ಕೆನೆಡಿಗೂ ನಮ್ಮವರಿಗೂ ಇರುವ ಅಂತರ ಇಲ್ಲಿದೆ. ಅಲ್ಲಿ ಮೊದಲು ಎಣಿಕೆ, ಅನಂತರ ಆಲಿಂಗನ. 409 ಮತ ಪಡೆದವನಿಗೆ ತಾನು ಎರಡನೆಯವನೆಂಬುದು ತಿಳಿದಿತ್ತು. ಇಲ್ಲಿ ಎಣಿಕೆಯಿಲ್ಲದೆಯೇ ಆಲಿಂಗನ. ಆದ್ದರಿಂದ ಸೋತವರೇ ಇಲ್ಲ, ಇಬ್ಬರೂ ವಂಚಿತರೇ! ಕೋಲಾರದಲ್ಲಿ ಪಕ್ಷದ ಸದಸ್ಯರನ್ನು ಕೂಡಿಸಿ ಬಹಿರಂಗವಾಗಿ ಎಣಿಸಿದ್ದರೆ, ಒಂದು ಬಣಕ್ಕೆ ಸೋಲಾಗುತ್ತಿತ್ತು ನಿಜ. ಆದರೆ ಎಣಿಸಿ ಸೋತವನಿಗೆ ಒಂದು ಗೌರವವುಂಟು: ಅವನು ಗೆದ್ದವನ ಪಕ್ಕದಲ್ಲಿ ತಲೆಯೆತ್ತಿ ಕೂರಬಲ್ಲ. ವರಿಷ್ಠರ ಕೋಣೆಯಲ್ಲಿ ತಳ್ಳಲ್ಪಟ್ಟವನಿಗೆ ಆ ಗೌರವವೂ ಇಲ್ಲ. ಮೂರನೆಯವರನ್ನು ತಂದು ನಿಲ್ಲಿಸುವುದು ಇಬ್ಬರ ಜಗಳವನ್ನು ಮುಗಿಸುವುದಿಲ್ಲ. ಆ ಜಗಳದ ಭಾರವನ್ನು ಒಬ್ಬ ನಿರಪರಾಧಿಯ ಹೆಗಲಿಗೆ ವರ್ಗಾಯಿಸುತ್ತದೆ, ಅಷ್ಟೇ.

ಇದಕ್ಕೆ ಆಕ್ಷೇಪವೊಂದುಂಟು. ನಮ್ಮ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ: “ಸ್ವಾಮಿ, ಪ್ರತಿಸ್ಪರ್ಧಿಗಳೆಲ್ಲ ಒಂದಾದರೆ ಮತದಾರನಿಗೆ ಆಯ್ಕೆ ಎಲ್ಲಿ ಉಳಿಯಿತು?” ಮಾತು ಸುಳ್ಳಲ್ಲ. ಶ್ರೀನಿವಾಸಪುರವನ್ನೇ ನೋಡಿ. 1978ರಿಂದ 2023ರವರೆಗೆ ಅಲ್ಲಿ ಗೆದ್ದವರು ಇಬ್ಬರೇ: ರಮೇಶ್ ಕುಮಾರ್ ಅಥವಾ ಜಿ.ಕೆ. ವೆಂಕಟಶಿವಾರೆಡ್ಡಿ. 2018ರಲ್ಲೊಮ್ಮೆ ಬಿಟ್ಟರೆ ಪ್ರತಿ ಸಲವೂ ಸರದಿ ಬದಲಾಯಿತು. ಆ ಸರದಿಯನ್ನು ಇಬ್ಬರೂ ಕೂತು ಬರೆದುಕೊಂಡದ್ದಲ್ಲ; ಜನರೇ ನೀರುಗಂಟಿಯಾಗಿ ತೂಬು ತಿರುಗಿಸಿದರು. ಎದುರು ಪಕ್ಷಗಳ ನಡುವೆ ಇಂಥ ಸ್ಪರ್ಧೆ ಇರಲೇಬೇಕು. ನಾನು ಹೇಳುತ್ತಿರುವುದು ಒಂದೇ ಮನೆಯೊಳಗಿನ ಮಾತು. ಮನೆಯೊಳಗೂ ಮೊದಲು ಸ್ಪರ್ಧೆ ನಡೆಯಲಿ. ಫಲಿತಾಂಶ ಬಂದ ಮೇಲೆ, ಸೋತವನನ್ನು ಜಗಲಿಯಲ್ಲಿ ಕೂರಿಸದೆ ಒಳಗೆ ಕರೆಯಲಿ. ಅವನಿಗೆ ಬಿರುದಲ್ಲ, ಕೆಲಸ ಕೊಡಲಿ. ಏನು ಕೊಟ್ಟೆವೆಂಬುದನ್ನು ಜನರೆದುರು ಹೇಳಲಿ.

ಮಹಾಭಾರತದಲ್ಲಿ ನಾರದರು ಪಾಂಡವರಿಗೆ ಸುಂದೋಪಸುಂದರ ಕಥೆ ಹೇಳುತ್ತಾರೆ. ಮೂರು ಲೋಕಗಳನ್ನು ಗೆದ್ದ ಒಗ್ಗಟ್ಟಿನ ಸೋದರರು ಒಂದೇ ವಸ್ತುವನ್ನು ಬಯಸಿದ ಗಳಿಗೆಯಲ್ಲಿ ಪರಸ್ಪರ ಹೊಡೆದಾಡಿ ಸತ್ತರು. ಕಥೆ ಕೇಳಿದ ಪಾಂಡವರು “ನಾವು ಹಾಗಲ್ಲ” ಎಂದು ಸುಮ್ಮನಾಗಲಿಲ್ಲ. ನಿಯಮವನ್ನು ಮಾಡಿಕೊಂಡರು, ಮೀರಿದವನಿಗೆ ದಂಡವನ್ನೂ ಗೊತ್ತುಮಾಡಿದರು. ಅರ್ಜುನ ಅದನ್ನು ಮೀರಬೇಕಾಗಿ ಬಂದಾಗ, ಅಣ್ಣ ತಡೆದರೂ ಕೇಳದೆ ತಾನೇ ವನವಾಸಕ್ಕೆ ಹೊರಟ. ಪ್ರೀತಿಯಿದ್ದ ಅಣ್ಣತಮ್ಮಂದಿರಿಗೇ ನಿಯಮ ಬೇಕಾಯಿತು. ಪ್ರೀತಿಯಿಲ್ಲದವರಿಗೆ ಬೇಡವೇ?

ಅಂಥ ನಿಷ್ಠೆ ಪುರಾಣದಲ್ಲಷ್ಟೇ ಎನ್ನುವವರಿಗೆ ನಮ್ಮ ನಾಡಿನದೇ ಒಂದು ನಿದರ್ಶನ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಉಪಚುನಾವಣೆಯಲ್ಲಿ ಗೆದ್ದು ಬಂದಾಗ, ಜೂನ್ ತಿಂಗಳಲ್ಲಿ, ಕುರ್ಚಿಯನ್ನು ಬಿಟ್ಟುಕೊಟ್ಟು ಅವರದೇ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾಗಿ ದುಡಿದರು. ಕಂಠಿಯವರು ಪ್ರತಿಸ್ಪರ್ಧಿಯಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಅಧಿಕಾರದಲ್ಲಿ ಎರಡನೆಯ ಆಸನವೂ ಮಾನದ ಆಸನವೆಂಬುದನ್ನು ಅವರು ತೋರಿಸಿಕೊಟ್ಟರು.

ಇಷ್ಟೆಲ್ಲ ನಮಗೇಕೆ ಎಂದು ಕೇಳುವಿರಾದರೆ, ಕಿಟಕಿಯ ಹೊರಗೆ ನೋಡಿ ಎನ್ನುತ್ತೇನೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರದ ಕೆರೆಗೆ ಬಂತು. ಕೆರೆಯಿಂದ ಕೆರೆಗೆ ಕೋಡಿ ಹರಿಯಿತು. ಆ ನೀರಿಗೆ ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಮತ್ತೆ ಮತ್ತೆ ಕೇಳಿದರು. ಟೊಮೇಟೊ ಬೆಲೆ ಕುಸಿದ ದಿನ ಕೋಲಾರದ ಮಾರುಕಟ್ಟೆಯಲ್ಲಿ, ಮಾವಿನ ಬೆಲೆ ಬಿದ್ದ ದಿನ ಶ್ರೀನಿವಾಸಪುರದ ಮಂಡಿಯಲ್ಲಿ ನಿಂತು ನೋಡಿದರೆ, ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಧ್ವನಿಯಲ್ಲಿ ಮಾತನಾಡುವವರು ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ. ನಾಯಕರ ಮುನಿಸಿಗೆ ತೆರಿಗೆ ಕಟ್ಟುವವರು ಆ ಮಂಡಿಯಲ್ಲಿ ಬುಟ್ಟಿ ಹೊತ್ತು ನಿಂತವರು.

ಅಂದು ಬಸ್ಸು ಕೋಲಾರ ಸೇರುವ ಹೊತ್ತಿಗೆ ಹಿಂದಿನ ಯಜಮಾನರ ಕಾಲು ಸೋತಿತ್ತು. ನನ್ನ ಜಾಗವನ್ನು ಕೊಡಲು ಎದ್ದೆ. ಅಷ್ಟರಲ್ಲಿ ಮುಂದಿನವರು ತಿರುಗಿ ನೋಡದೆಯೇ ಕೇಳಿದರು: “ಮೇಷ್ಟ್ರೇ, ಅವನಿಗೆ ಮಂಡಿನೋವು. ಇಲ್ಲಿ ಜಾಗ ಇದೆಯೆಂದು ಹೇಳಿ.”

ನಾನು ಹೇಳಿದೆ. “ನನಗೆ ಕೇಳಿಸಿತು” ಎಂದರು ಅವರು, ಕಂಬಿಯನ್ನು ಬಿಡದೆ. ನಿಲ್ದಾಣದಲ್ಲಿ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಇಳಿದರು. ಟಿಪ್ಪಣಿಯನ್ನು ಅಂದೂ ನೋಡಿಕೊಳ್ಳಲಾಗಲಿಲ್ಲ.